ಸಮಾಧಾನಕರ ಬಹುಮಾನ ಬೇಡ, ಒಂದು ವಿಭಾಗ ಕೊಡಿ

ಮಾನ್ಯ ಸಂಪಾದಕರೇ,

ಮಳೆ ನಿಂತಿದೆ, ನಮ್ಮ ಕಡೆ ಪಂದ್ಯಾಟಗಳು ಶುರುವಾಗಿವೆ. ಸುರತ್ಕಲ್‌ನಿಂದ ಮೂಲ್ಕಿ, ಪಡುಬಿದ್ರಿ, ಕಾಪು ಅಂತ ಹೈವೇಯಲ್ಲಿ ಹೋದರೆ ಎಲ್ಲಾದರೂ ಒಂದು ಕಡೆ ಹೊನಲು ಬೆಳಕಿನ ಶಟಲ್ ಬ್ಯಾಡ್ಮಿಂಟನ್ ಪಂದ್ಯಾಟದ ಫ್ಲೆಕ್ಸ್ ಕಣ್ಣಿಗೆ ಬೀಳುತ್ತದೆ. ಪ್ರಥಮ ಬಹುಮಾನ ಇಷ್ಟು, ಶಾಶ್ವತ ಫಲಕ, ಬಂದವರಿಗೆಲ್ಲ ಊಟದ ವ್ಯವಸ್ಥೆ. ನಾನು ಸುಮಾರು 20 ವರ್ಷದಿಂದ ಇವುಗಳಲ್ಲಿ ಆಡಿದ್ದೇನೆ, ಅಂಪೈರ್ ಆಗಿದ್ದೇನೆ, ಚಂದಾ ಎತ್ತಲು ಮನೆ ಮನೆಗೆ ಹೋಗಿದ್ದೇನೆ. ಈ ಪತ್ರ ಬರೆಯುತ್ತಿರುವುದು ಇತ್ತೀಚೆಗೆ ಅಂಥ ಒಂದು ಪಂದ್ಯಾಟದಲ್ಲಿ ನಡೆದ ಸಣ್ಣ ಸಂಗತಿಯ ಬಗ್ಗೆ. ಸಣ್ಣದು ಅಂತ ಅಲ್ಲಿದ್ದವರಿಗೆ ಅನ್ನಿಸಿತು. ನನಗೆ ಹಾಗೆ ಅನ್ನಿಸಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಹತ್ತನೇ ತರಗತಿಯ ಒಬ್ಬ ಹುಡುಗ ಇದ್ದಾನೆ. ಹುಟ್ಟುವಾಗಲೇ ಬಲ ಭುಜದ ನರಕ್ಕೆ ಪೆಟ್ಟಾಗಿ ಆ ಕೈ ಸರಿಯಾಗಿ ಬೆಳೆದಿಲ್ಲ. ಶಟಲ್ ಹಿಡಿಯುವಷ್ಟು ಬಲ ಬೆರಳಿಗೆ ಉಂಟು, ಕೈ ಮೇಲೆತ್ತುವ ಬಲ ಇಲ್ಲ. ಎಡಗೈಯಲ್ಲಿ ಆಡುತ್ತಾನೆ, ಚೆನ್ನಾಗಿ ಆಡುತ್ತಾನೆ. ಬೆಳಗ್ಗೆ ಆರಕ್ಕೆ ನಮ್ಮ ಜೊತೆ ಕೋರ್ಟಿಗೆ ಬಂದು ದೊಡ್ಡವರನ್ನೇ ಓಡಿಸುತ್ತಾನೆ. ಈ ಸಲ ಅವನೂ ಹೆಸರು ಕೊಟ್ಟ, 16ರ ಒಳಗಿನ ಸಿಂಗಲ್ಸ್‌ಗೆ. ಮೊದಲ ಸುತ್ತಿನಲ್ಲೇ ಒಳ್ಳೆ ಕೋಚಿಂಗ್ ಇರುವ ಹುಡುಗನ ಎದುರು ಸೋತ. ಸೋತದ್ದು ಸರಿಯೇ, ಆಟದಲ್ಲಿ ಅದೆಲ್ಲ ಇದ್ದದ್ದೇ. ಆದರೆ ರಾತ್ರಿ ಬಹುಮಾನ ಕೊಡುವಾಗ ಮೈಕ್‌ನಲ್ಲಿ ಅವನನ್ನು ವೇದಿಕೆಗೆ ಕರೆದರು. "ಪಾಪ, ಕೈ ಇಲ್ಲದಿದ್ದರೂ ಬಂದು ಆಡಿದ್ದಾನೆ, ಇವನಿಗೊಂದು ಸಮಾಧಾನಕರ ಬಹುಮಾನ, ಜೋರಾಗಿ ಚಪ್ಪಾಳೆ ತಟ್ಟಿ ಮಾರಾಯ್ರೆ" ಅಂದರು. ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಹುಡುಗ ತಗೊಂಡ, ನಕ್ಕ, ಕೆಳಗಿಳಿದ. ಬೈಕ್‌ನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಗೇಟಿನ ಹತ್ತಿರ ಇಳಿದು, "ಮಾಮ, ನನಗೆ ಕೈ ಇದೆಯಲ್ಲ" ಅಂದ. ಅಷ್ಟೇ.

ಕರೆದವರು ಕೆಟ್ಟವರಲ್ಲ. ಅವರಿಗೆ ಪ್ರೀತಿ ಇದ್ದದ್ದರಿಂದಲೇ ಕರೆದರು. ನಾನೂ ಒಂದು ಕಾಲದಲ್ಲಿ ಹಾಗೇ ಯೋಚಿಸುತ್ತಿದ್ದೆ. ಆದರೆ ಆ ಹುಡುಗನಿಗೆ ಒಂದು ವಿಭಾಗ ಇದೆ, ಅದಕ್ಕೆ ಹೆಸರಿದೆ, ಆ ವಿಭಾಗದಲ್ಲಿ ವಿಶ್ವ ಚಾಂಪಿಯನ್ನರಿದ್ದಾರೆ ಅನ್ನುವುದು ಅವತ್ತು ಅಲ್ಲಿದ್ದ ಮುನ್ನೂರು ಜನರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ. ಪ್ಯಾರಾ ಬ್ಯಾಡ್ಮಿಂಟನ್‌ನಲ್ಲಿ, ಅಂದರೆ ಅಂಗವಿಕಲರ ಬ್ಯಾಡ್ಮಿಂಟನ್‌ನಲ್ಲಿ, ಆ ವಿಭಾಗದ ಹೆಸರು ಎಸ್‌ಯು-5. ತೋಳಿಗೆ ತೊಂದರೆ ಇರುವವರ ವಿಭಾಗ. ಆಡದ ಕೈಗೆ ತೊಂದರೆ ಇದ್ದರೆ ಏನು ಮಹಾ ನಷ್ಟ ಅಂತ ಕೇಳುವವರಿದ್ದಾರೆ. ಸ್ಮ್ಯಾಶ್ ಹೊಡೆಯುವಾಗ ನಿಮ್ಮ ಇನ್ನೊಂದು ಕೈ ಏನು ಮಾಡುತ್ತದೆ ಅಂತ ಒಂದು ಸಲ ಗಮನಿಸಿ. ಅದು ಮೇಲೆದ್ದು ಶಟಲ್ ಕಡೆ ಚಾಚಿ ಇಡೀ ಮೈಯ ತೂಕವನ್ನು ಹಿಡಿದಿಡುತ್ತದೆ. ಅದಿಲ್ಲದೆ ಹಿಂದಿನ ಗೆರೆಯಿಂದ ಹಾರಿ ಹೊಡೆದು ಮತ್ತೆ ಮುಂದಕ್ಕೆ ಓಡಿ ಬರಬೇಕು ಅಂದರೆ ಬೇರೆಯೇ ಅಭ್ಯಾಸ ಬೇಕು.

ಪ್ಯಾರಿಸ್‌ನಲ್ಲಿ 2024ರಲ್ಲಿ ನಡೆದ ಪ್ಯಾರಾಲಿಂಪಿಕ್ಸ್‌ನಲ್ಲಿ, ಅಂದರೆ ಅಂಗವಿಕಲರ ಒಲಿಂಪಿಕ್ಸ್‌ನಲ್ಲಿ, ಇದೇ ವಿಭಾಗದಲ್ಲಿ ತಮಿಳುನಾಡಿನ ಇಬ್ಬರು ಹುಡುಗಿಯರು ಪದಕ ಗೆದ್ದರು. ಕಾಂಚೀಪುರದ ತುಳಸಿಮತಿ ಮುರುಗೇಶನ್‌ಗೆ ಬೆಳ್ಳಿ, ತಿರುವಳ್ಳೂರಿನ ಮನೀಷಾ ರಾಮದಾಸ್‌ಗೆ ಕಂಚು. ಸೆಮಿಫೈನಲ್‌ನಲ್ಲಿ ಇವರಿಬ್ಬರೇ ಎದುರುಬದುರಾಗಿದ್ದರು. ಮನೀಷಾಗೂ ನಮ್ಮ ಹುಡುಗನ ಹಾಗೇ ಹುಟ್ಟಿನಿಂದಲೇ ಬಲಗೈ ತೊಂದರೆ. ಅವರು 2022ರಲ್ಲೇ ವಿಶ್ವ ಚಾಂಪಿಯನ್ ಆಗಿದ್ದರು. ಪುರುಷರಲ್ಲಿ ಮಲೇಷ್ಯಾದ ಚೀಹ್ ಲೀಕ್ ಹೌ ಟೋಕಿಯೋದಲ್ಲೂ ಪ್ಯಾರಿಸ್‌ನಲ್ಲೂ ಚಿನ್ನ ಗೆದ್ದವರು. ಈ ಹೆಸರುಗಳನ್ನು ಅವತ್ತು ಮೈಕ್‌ನಲ್ಲಿ ಹೇಳಿದ್ದರೆ ಆ ಹುಡುಗ ವೇದಿಕೆಯಿಂದ ಇಳಿಯುವ ರೀತಿಯೇ ಬೇರೆ ಇರುತ್ತಿತ್ತು.

ಇನ್ನೊಂದು ಹೆಸರು ನಮ್ಮ ಊರಿನದ್ದೇ. ಊರಿನದ್ದು ಅನ್ನುವ ಹಕ್ಕು ನಮಗಿದೆ ಅಂತ ನಾನಂದುಕೊಂಡಿದ್ದೇನೆ. ಸುಹಾಸ್ ಯತಿರಾಜ್ ಹುಟ್ಟಿದ್ದು ಹಾಸನದಲ್ಲಿ, ಆದರೆ ಎಂಜಿನಿಯರಿಂಗ್ ಓದಿದ್ದು ನಮ್ಮ ಸುರತ್ಕಲ್‌ನಲ್ಲಿ. ಇಲ್ಲಿನ ಹಳಬರು ಈಗಲೂ ಕೆಆರ್‌ಇಸಿ ಅಂತಲೇ ಕರೆಯುವ ಎನ್‌ಐಟಿಕೆಯಲ್ಲಿ. ಕಂಪ್ಯೂಟರ್ ಸೈನ್ಸ್ ಮುಗಿಸಿ ಹೊರಬಿದ್ದದ್ದು 2004ರಲ್ಲಿ. ಆಮೇಲೆ ಐಎಎಸ್, 2007ರ ಬ್ಯಾಚ್, ಉತ್ತರ ಪ್ರದೇಶ. ಕಣಕಾಲಿನಲ್ಲಿ ಹುಟ್ಟಿನಿಂದ ತೊಂದರೆ. 2016ರಲ್ಲಿ ಆಜಂಗಢದ ಜಿಲ್ಲಾಧಿಕಾರಿ ಆಗಿದ್ದಾಗ ಬೀಜಿಂಗ್‌ನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಗೆದ್ದರು. 2021ರಲ್ಲಿ ಟೋಕಿಯೋಗೆ ಹೋದಾಗ ನೋಯ್ಡಾ ಇರುವ ಗೌತಮ ಬುದ್ಧ ನಗರ ಜಿಲ್ಲೆಯ ಜಿಲ್ಲಾಧಿಕಾರಿ. ನಮ್ಮಲ್ಲಿ ಡಿಸಿ ಅಂತೀವಲ್ಲ, ಆ ಕೆಲಸ. ಅದೂ ಕೊರೊನಾ ಕಾಲದಲ್ಲಿ. ದಿನವಿಡೀ ಆಫೀಸು, ರಾತ್ರಿ ಪ್ರಾಕ್ಟೀಸು.

ಟೋಕಿಯೋ ಫೈನಲ್ ನಾನು ಮೊಬೈಲಿನಲ್ಲಿ ನೋಡಿದ್ದು ಭಾನುವಾರ ಬೆಳಗ್ಗೆ, ಸೆಪ್ಟೆಂಬರ್ 5. ಎದುರಿಗೆ ಫ್ರಾನ್ಸಿನ ಲುಕಾಸ್ ಮಜೂರ್. ಕಾಲಿಗೆ ತೊಂದರೆ ಇರುವವರ ಎಸ್‌ಎಲ್-4 ವಿಭಾಗದಲ್ಲಿ ಆಗ ಎಲ್ಲರೂ ಹೆದರುತ್ತಿದ್ದ ಆಟಗಾರ. ಮೊದಲ ಗೇಮ್ ಸುಹಾಸ್ 21-15ರಲ್ಲಿ ತಗೊಂಡರು. ಪ್ರೇಕ್ಷಕರೇ ಇಲ್ಲದ ಆ ಖಾಲಿ ಕ್ರೀಡಾಂಗಣದಲ್ಲಿ ಶಟಲ್ ಹೊಡೆದ ಸದ್ದು ಮಾತ್ರ. ಎರಡನೆಯದು 17-21, ಮೂರನೆಯದು 15-21. ಬೆಳ್ಳಿ. ಪ್ಯಾರಾಲಿಂಪಿಕ್ಸ್ ಪದಕ ಗೆದ್ದ ಮೊದಲ ಐಎಎಸ್ ಅಧಿಕಾರಿ. ಮೂರು ವರ್ಷ ಬಿಟ್ಟು ಪ್ಯಾರಿಸ್‌ನಲ್ಲಿ ಮತ್ತೆ ಫೈನಲ್, ಮತ್ತೆ ಅದೇ ಮಜೂರ್, 9-21, 13-21. ಈ ಸಲ ಮಜೂರ್‌ಗೆ ತವರಿನ ಜನರ ಕೂಗು ಬೇರೆ. ಆದರೆ ಅದೇ ವರ್ಷ ಫೆಬ್ರವರಿಯಲ್ಲಿ ಥಾಯ್ಲೆಂಡಿನ ಪಟ್ಟಾಯದಲ್ಲಿ ಸುಹಾಸ್ ವಿಶ್ವ ಚಾಂಪಿಯನ್ ಆಗಿದ್ದರು ಅನ್ನುವುದು ನಮ್ಮ ಕೋರ್ಟಿನಲ್ಲಿ ದಿನಾ ಆಡುವವರಿಗೇ ಗೊತ್ತಿರಲಿಲ್ಲ. ಆಗ ಅವರಿಗೆ 40 ವರ್ಷ.

ಭಾರತಕ್ಕೆ ಪ್ಯಾರಾಲಿಂಪಿಕ್ಸ್ ಬ್ಯಾಡ್ಮಿಂಟನ್‌ನಲ್ಲಿ ಇದುವರೆಗೆ ಬಂದಿರುವುದು 9 ಪದಕ. ಟೋಕಿಯೋದಲ್ಲಿ 4, ಪ್ಯಾರಿಸ್‌ನಲ್ಲಿ 5. ಮೂರು ಚಿನ್ನ, ಮೂರು ಬೆಳ್ಳಿ, ಮೂರು ಕಂಚು. ಗೆದ್ದವರು ಎಂಟು ಮಂದಿ. ಎರಡು ಸಲ ಗೆದ್ದಿರುವುದು ಒಬ್ಬರೇ, ಅದು ಸುರತ್ಕಲ್‌ನಲ್ಲಿ ಓದಿ ಹೋದ ಸುಹಾಸ್. ಇದನ್ನು ನಮ್ಮ ಶಾಲೆಗಳಲ್ಲಿ ಕ್ವಿಜ್ ಪ್ರಶ್ನೆಯಾಗಿಯಾದರೂ ಕೇಳಿದ್ದಾರಾ ಅಂತ ನಾನು ಸುಮಾರು ಮಕ್ಕಳ ಹತ್ತಿರ ವಿಚಾರಿಸಿದೆ. ಇಲ್ಲ.

ಬ್ಯಾಡ್ಮಿಂಟನ್ ಒಲಿಂಪಿಕ್ಸ್‌ಗೆ ಬಂದದ್ದು 1992ರಲ್ಲಿ, ಬಾರ್ಸಿಲೋನಾದಲ್ಲಿ. ಪ್ಯಾರಾಲಿಂಪಿಕ್ಸ್‌ಗೆ ಬರಲು ಟೋಕಿಯೋವರೆಗೆ ಕಾಯಬೇಕಾಯಿತು. ಹಾಗಂತ ಅಲ್ಲಿಯವರೆಗೆ ಯಾರೂ ಆಡುತ್ತಿರಲಿಲ್ಲ ಅಂತಲ್ಲ. ಮೊದಲ ಪ್ಯಾರಾ ಬ್ಯಾಡ್ಮಿಂಟನ್ ವಿಶ್ವ ಚಾಂಪಿಯನ್‌ಷಿಪ್ ನೆದರ್‌ಲೆಂಡ್ಸಿನ ಆಮರ್ಸ್‌ಫೋರ್ಟ್‌ನಲ್ಲಿ 1998ರಲ್ಲೇ ನಡೆದಿತ್ತು. ಪ್ಯಾರಾಲಿಂಪಿಕ್ಸ್‌ಗೆ ಸೇರಿಸುವ ತೀರ್ಮಾನ ಆದದ್ದು 2014ರಲ್ಲಿ. ಗುಜರಾತಿನ ಪಾರುಲ್ ಪರ್ಮಾರ್‌ಗೆ ಅರ್ಜುನ ಪ್ರಶಸ್ತಿ ಬಂದದ್ದು 2009ರಲ್ಲಿ. ಅಂದರೆ ಪ್ಯಾರಾಲಿಂಪಿಕ್ಸ್‌ನ ಬಾಗಿಲು ತೆರೆಯುವ ಮೊದಲೇ ಅವರು ಗೆಲ್ಲುತ್ತಾ ಬಂದಿದ್ದರು. ಬಾಗಿಲು ತೆರೆದಾಗ ಅವರಿಗೆ 48. ಆ ವಯಸ್ಸಿನಲ್ಲಿ ಟೋಕಿಯೋಗೆ ಹೋಗಿ 19ರ ಪಲಕ್ ಕೊಹ್ಲಿ ಜೊತೆ ಡಬಲ್ಸ್ ಆಡಿದರು. ಪದಕ ಬರಲಿಲ್ಲ. ಇಪ್ಪತ್ತರ ಹರೆಯದಲ್ಲಿ ಈ ಅವಕಾಶ ಸಿಕ್ಕಿದ್ದರೆ ಏನಾಗುತ್ತಿತ್ತು ಅಂತ ನನಗೆ ಆಗಾಗ ಅನ್ನಿಸುತ್ತದೆ.

ಮಾನಸಿ ಜೋಶಿಯವರದ್ದು ಇನ್ನೊಂದು ಕತೆ. 2011ರಲ್ಲಿ ಮುಂಬೈಯಲ್ಲಿ ರಸ್ತೆ ಅಪಘಾತದಲ್ಲಿ ಎಡಗಾಲು ಹೋಯಿತು. ಹೈದರಾಬಾದ್‌ನ ಗೋಪಿಚಂದ್ ಅಕಾಡೆಮಿಯಲ್ಲಿ ಕೃತಕ ಕಾಲಿನಲ್ಲಿ ಅಭ್ಯಾಸ ಮಾಡಿ 2019ರ ಆಗಸ್ಟ್‌ನಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಫೈನಲ್‌ನಲ್ಲಿ ಸೋಲಿಸಿದ್ದು ಪಾರುಲ್ ಅವರನ್ನೇ. ಅದೇ ಊರು, ಮರುದಿನ ಪಿ.ವಿ. ಸಿಂಧು ವಿಶ್ವ ಚಾಂಪಿಯನ್. ಸಿಂಧು ಗೆದ್ದಾಗ ನಾವೆಲ್ಲ ಪಟಾಕಿ ಹೊಡೆದೆವು, ಹೊಡೆಯಲೇಬೇಕಿತ್ತು. ಮಾನಸಿ ಗೆದ್ದದ್ದು ನನಗೆ ಗೊತ್ತಾದದ್ದು ನಾಲ್ಕೈದು ದಿನ ಬಿಟ್ಟು, ವಾಟ್ಸ್‌ಆ್ಯಪ್‌ನಲ್ಲಿ. ಇನ್ನೂ ಬೇಜಾರಿನ ವಿಷಯ ಅಂದರೆ ಟೋಕಿಯೋದಲ್ಲಿ ಅವರ ವಿಭಾಗವಾದ ಮಹಿಳೆಯರ ಎಸ್‌ಎಲ್-3 ಸಿಂಗಲ್ಸ್ ಅನ್ನೇ (ಕಾಲಿನ ತೊಂದರೆ ಎಸ್‌ಎಲ್-4ಕ್ಕಿಂತ ಹೆಚ್ಚಿರುವವರದ್ದು) ಇಟ್ಟಿರಲಿಲ್ಲ. ವಿಶ್ವ ಚಾಂಪಿಯನ್ ಆಗಿದ್ದರೂ ಅವರಿಗೆ ಅಲ್ಲಿ ಆಡಲು ಸಿಂಗಲ್ಸ್ ಇಲ್ಲ! ಪ್ಯಾರಿಸ್‌ನಲ್ಲಿ ಆ ವಿಭಾಗ ಬಂತು. ಬಂದ ಕೂಡಲೇ ನೈಜೀರಿಯಾದ ಮರಿಯಂ ಎನಿಯೋಲಾ ಬೋಲಾಜಿ ಅದರಲ್ಲಿ ಕಂಚು ಗೆದ್ದು, ಇಡೀ ಆಫ್ರಿಕಾಕ್ಕೆ ಪ್ಯಾರಾಲಿಂಪಿಕ್ಸ್ ಬ್ಯಾಡ್ಮಿಂಟನ್‌ನ ಮೊದಲ ಪದಕ ತಂದರು. ಮಹಿಳೆಯರ ಎಸ್‌ಎಚ್-6 ಸಿಂಗಲ್ಸ್ ಕೂಡ ಪ್ಯಾರಿಸ್‌ನಲ್ಲೇ ಮೊದಲು ಬಂದದ್ದು. ಅದು ಕುಳ್ಳಗಿನ ದೇಹದವರ ವಿಭಾಗ. ಅದರಲ್ಲಿ ನಮ್ಮ ಪಕ್ಕದ ಹೊಸೂರಿನ ನಿತ್ಯಶ್ರೀ ಶಿವನ್‌ಗೆ ಕಂಚು. ವಿಭಾಗ ಇಟ್ಟರೆ ಆಡುವವರು ಬರುತ್ತಾರೆ. ನಾನು ಈ ಪತ್ರದಲ್ಲಿ ಹೇಳಬೇಕು ಅಂದುಕೊಂಡಿರುವುದೇ ಇದನ್ನು.

ಪಂದ್ಯಾಟ ಮಾಡುವ ನಮ್ಮ ಸಂಘಗಳವರ ಹತ್ತಿರ ಈ ಮಾತು ಎತ್ತಿದರೆ ಎರಡು ಉತ್ತರ ಬರುತ್ತದೆ. ಒಂದು, "ಅದೆಲ್ಲ ಲೆಕ್ಕ ಭಾರಿ ಕಷ್ಟ ಮಾರಾಯ್ರೆ, ನಮಗೆ ಅರ್ಥ ಆಗಲಿಕ್ಕಿಲ್ಲ." ಎರಡು, "ಜನ ಎಲ್ಲಿದ್ದಾರೆ?"

ಲೆಕ್ಕದ ವಿಷಯಕ್ಕೆ ಬರುತ್ತೇನೆ. ನಮ್ಮ ಕರಾವಳಿಯ ಡಬಲ್ಸ್ ಪಂದ್ಯಾಟಗಳಲ್ಲಿ 80 ಪ್ಲಸ್, 90 ಪ್ಲಸ್ ಅಂತ ವಿಭಾಗ ಇಡುತ್ತೇವೆ ಅಲ್ವಾ? ಇಬ್ಬರ ವಯಸ್ಸು ಕೂಡಿಸಿ 80 ದಾಟಬೇಕು. 50ರವರು 32ರ ಹುಡುಗನನ್ನು ಜೊತೆ ಹಾಕಿಕೊಳ್ಳಬಹುದು, 41ರವರು ಇಬ್ಬರು ಸೇರಬಹುದು. ಯಾರ ಜೊತೆ ಯಾರು ಸೇರಿದರೆ ಲಾಭ ಅಂತ ಎರಡು ವಾರ ಮೊದಲೇ ಲೆಕ್ಕ ಹಾಕಿ ಫೋನ್ ಮಾಡುತ್ತೇವೆ. ಆಧಾರ್ ಕಾರ್ಡ್ ನೋಡಿ ಹೆಸರು ಬರೆದುಕೊಳ್ಳುತ್ತೇವೆ. ಪ್ಯಾರಾ ಬ್ಯಾಡ್ಮಿಂಟನ್‌ನ ಡಬಲ್ಸ್ ನಡೆಯುವುದೂ ಹೆಚ್ಚು ಕಡಿಮೆ ಹೀಗೇ. ವಿಭಾಗದ ಹೆಸರಿನ ಕೊನೆಗೆ ಒಂದು ಅಂಕಿ ಇದೆಯಲ್ಲ, ಎಸ್‌ಎಲ್-3, ಎಸ್‌ಎಲ್-4, ಎಸ್‌ಯು-5, ಆ ಅಂಕಿಗಳನ್ನು ಕೂಡಿಸುತ್ತಾರೆ. ಮಿಶ್ರ ಡಬಲ್ಸ್‌ನಲ್ಲಿ ಜೋಡಿಯ ಮೊತ್ತ 8 ದಾಟಬಾರದು. 3 ಮತ್ತು 5 ಸೇರಬಹುದು, 4 ಮತ್ತು 4 ಸೇರಬಹುದು. ಪಾರುಲ್ 3, ಪಲಕ್ 5, ಕೂಡಿದರೆ 8. ಇಂಡೋನೇಷ್ಯಾದ ಲಿಯಾನಿ ರಾತ್ರಿ ಒಕ್ಟಿಲಾ ಎಸ್‌ಎಲ್-4, ಅವರ ಜೊತೆ ಆಡಿದ ಹರಿ ಸುಸಾಂಟೊ ಕೂಡ ಎಸ್‌ಎಲ್-4. ಆ ಜೋಡಿ ಟೋಕಿಯೋದಲ್ಲಿ ಚಿನ್ನ ಗೆದ್ದಿತು. ಲಿಯಾನಿ ಅಲ್ಲಿ ಮಹಿಳೆಯರ ಡಬಲ್ಸ್‌ನಲ್ಲೂ ಚಿನ್ನ, ಸಿಂಗಲ್ಸ್‌ನಲ್ಲಿ ಬೆಳ್ಳಿ, ಹೀಗೆ ಒಂದೇ ಕೂಟದಲ್ಲಿ ಮೂರು ಪದಕ ಗೆದ್ದವರು. ಗಾಲಿಕುರ್ಚಿಯಲ್ಲಿ ಆಡುವವರಿಗೆ 1, 2 ಅಂತ ಎರಡು ವಿಭಾಗ, ಅವರ ಡಬಲ್ಸ್‌ನಲ್ಲಿ ಮೊತ್ತ 3 ದಾಟಬಾರದು, ಅಂದರೆ 1 ಮತ್ತು 2 ಸೇರಬಹುದು, 2 ಮತ್ತು 2 ಸೇರುವ ಹಾಗಿಲ್ಲ. 80 ಪ್ಲಸ್ ಲೆಕ್ಕ ನಿದ್ದೆಯಲ್ಲೂ ಹೇಳುವ ನಮ್ಮ ಸಂಘಟಕರಿಗೆ ಇದು ಅರ್ಥ ಆಗಲಿಕ್ಕಿಲ್ಲ ಅಂದರೆ ನಾನು ನಂಬುವುದಿಲ್ಲ.

ಖರ್ಚೂ ಇಲ್ಲ. ಅದೇ ನೆಟ್, ಅದೇ ಎತ್ತರ, ಅದೇ ಶಟಲ್, ಅದೇ 21 ಪಾಯಿಂಟ್, ಮೂರರಲ್ಲಿ ಎರಡು ಗೇಮ್. ಎಸ್‌ಎಲ್-4, ಎಸ್‌ಯು-5, ಎಸ್‌ಎಚ್-6 ಈ ಮೂರಕ್ಕೂ ಪೂರ್ತಿ ಕೋರ್ಟ್, ಹೊಸ ಗೆರೆ ಹಾಕುವುದೇ ಬೇಡ. ಎಸ್‌ಎಲ್-3ರ ಸಿಂಗಲ್ಸ್ ಮಾತ್ರ ಉದ್ದಕ್ಕೆ ಅರ್ಧ ಮಾಡಿದ ಕೋರ್ಟಿನಲ್ಲಿ. ಅದಕ್ಕೂ ನಡುಗೆರೆ ಮೊದಲೇ ಇದೆ. ಗಾಲಿಕುರ್ಚಿಯ ವಿಭಾಗಗಳನ್ನು ಊರಿನ ಎಲ್ಲ ಸಂಘದವರೂ ಈಗಲೇ ಮಾಡಿ ಅಂತ ನಾನು ಕೇಳುವುದಿಲ್ಲ. ಅದಕ್ಕೆ ಸಪಾಟಾದ ಒಳಾಂಗಣ ನೆಲ ಬೇಕು, ಚಕ್ರಗಳು ಓರೆಯಾಗಿರುವ, ಹಿಂದಕ್ಕೆ ಬಾಗಿದರೆ ಬೀಳದ ಹಾಗೆ ಪುಟ್ಟ ಚಕ್ರ ಇರುವ ಬೇರೆಯೇ ಕುರ್ಚಿ ಬೇಕು. ನಮ್ಮ ದೇಶದ 9 ಪದಕಗಳಲ್ಲಿ ಒಂದೂ ಗಾಲಿಕುರ್ಚಿ ವಿಭಾಗದಲ್ಲಿ ಬಂದಿಲ್ಲ. ಜಪಾನಿನ ಡೈಕಿ ಕಜಿವಾರಾ, ಸರೀನಾ ಸಾತೊಮಿ ಇಬ್ಬರೂ ಟೋಕಿಯೋ, ಪ್ಯಾರಿಸ್ ಎರಡರಲ್ಲೂ ಗಾಲಿಕುರ್ಚಿ ಸಿಂಗಲ್ಸ್ ಚಿನ್ನ ಗೆದ್ದರು. ಅಲ್ಲಿಗೆ ಹೋಗಬೇಕಾದರೆ ಸರ್ಕಾರವೇ ಕೈ ಹಾಕಬೇಕು. ಊರಿನ ಯುವಕ ಮಂಡಲದ ಕೈಯಲ್ಲಿ ಆಗುವುದನ್ನು ಊರಿನವರು ಮಾಡಬಹುದಲ್ಲ.

ಅರ್ಧ ಕೋರ್ಟ್ ಅಂದ ಕೂಡಲೇ "ಸುಲಭ" ಅನ್ನುವವರಿಗೆ ಒಂದು ಮಾತು. ಒಂದು ದಿನ ನೀವೇ ಅರ್ಧ ಕೋರ್ಟಿನಲ್ಲಿ ಆಡಿ ನೋಡಿ. ಜಾಗ ಕಮ್ಮಿ ಇರುವುದರಿಂದ ಎದುರಾಳಿಯನ್ನು ಪಕ್ಕಕ್ಕೆ ಎಳೆದು ಪಾಯಿಂಟ್ ತಗೊಳ್ಳಲು ಆಗುವುದಿಲ್ಲ. ಮುಂದೆ ಹಿಂದೆ, ಮುಂದೆ ಹಿಂದೆ. ಒಂದು ಡ್ರಾಪ್, ಒಂದು ಟಾಸ್, ಮತ್ತೊಂದು ಡ್ರಾಪ್. ರ‍್ಯಾಲಿ ಮುಗಿಯುವುದೇ ಇಲ್ಲ. ಪ್ಯಾರಿಸ್‌ನಲ್ಲಿ ನಮ್ಮ ನಿತೇಶ್ ಕುಮಾರ್ ಬ್ರಿಟನ್ನಿನ ಡೇನಿಯಲ್ ಬೆತೆಲ್ ಎದುರು ಗೆದ್ದ ಎಸ್‌ಎಲ್-3 ಫೈನಲ್ ಒಂದು ಗಂಟೆ 20 ನಿಮಿಷ ನಡೆಯಿತು. 21-14, 18-21, 23-21. ಅದಕ್ಕೆ ಮೊದಲು ನಿತೇಶ್ ಒಂದು ಸಲವೂ ಬೆತೆಲ್‌ನನ್ನು ಸೋಲಿಸಿರಲಿಲ್ಲ. 2009ರಲ್ಲಿ ವಿಶಾಖಪಟ್ಟಣದಲ್ಲಿ ರೈಲು ಅಪಘಾತದಲ್ಲಿ ಕಾಲು ಕಳಕೊಂಡ ಹುಡುಗ, ಮಂಡಿ ಐಐಟಿಯಲ್ಲಿ ಓದುವಾಗ ಬ್ಯಾಡ್ಮಿಂಟನ್ ಹಿಡಿದವನು. ಟೋಕಿಯೋದಲ್ಲಿ ಇದೇ ಬೆತೆಲ್ ಎದುರು ಇದೇ ವಿಭಾಗದಲ್ಲಿ ಒಡಿಶಾದ ಪ್ರಮೋದ್ ಭಗತ್ ಚಿನ್ನ ಗೆದ್ದದ್ದು 21-14, 21-17ರಲ್ಲಿ. ಎರಡನೇ ಗೇಮಿನಲ್ಲಿ 4-12 ಹಿಂದೆ ಇದ್ದರು. ಐದನೇ ವಯಸ್ಸಿನಲ್ಲಿ ಪೋಲಿಯೊ ಬಂದು ಎಡಗಾಲು ಸೊರಗಿದ ಮನುಷ್ಯ ಅಲ್ಲಿಂದ ಎದ್ದು ಬಂದು ಗೆದ್ದರು. ಅದೇ ದಿನ ಮನೋಜ್ ಸರ್ಕಾರ್‌ಗೆ ಕಂಚು. ಮರುದಿನ ಜೈಪುರದ ಕೃಷ್ಣ ನಾಗರ್ ಎಸ್‌ಎಚ್-6ರಲ್ಲಿ ಹಾಂಕಾಂಗ್‌ನ ಚು ಮಾನ್ ಕಾಯ್‌ನನ್ನು ಮೂರು ಗೇಮ್‌ಗಳಲ್ಲಿ ಸೋಲಿಸಿ ಇನ್ನೊಂದು ಚಿನ್ನ. ಕೃಷ್ಣ ನಾಗರ್ ನಾಲ್ಕೂವರೆ ಅಡಿಯೂ ಇಲ್ಲ, ಆಡುವುದು ನಮ್ಮದೇ ಅಳತೆಯ ಪೂರ್ತಿ ಕೋರ್ಟಿನಲ್ಲಿ, ನಮ್ಮದೇ ಎತ್ತರದ ನೆಟ್ ಮೇಲೆ. ಅವರ ಸ್ಮ್ಯಾಶ್ ಒಂದು ಸಲ ನೋಡಿ. ನೆಟ್ಟಿಗಿಂತ ಅಷ್ಟು ತಗ್ಗಿರುವವರು ಶಟಲನ್ನು ಅಷ್ಟು ಕಡಿದಾಗಿ ಕೆಳಗಿಳಿಸಬೇಕಾದರೆ ಎಷ್ಟು ಮೇಲಕ್ಕೆ ಹಾರಬೇಕು ಅಂತ ಆಡುವವರಿಗೆ ಗೊತ್ತಾಗುತ್ತದೆ.

ಇನ್ನು "ಜನ ಎಲ್ಲಿದ್ದಾರೆ" ಅನ್ನುವ ಪ್ರಶ್ನೆ. ನಾನು ಈ ಎರಡು ವಾರದಲ್ಲಿ ಸುಮ್ನೆ ಪರಿಚಯದವರ ಹತ್ತಿರ ಕೇಳಿದೆ. ಸುರತ್ಕಲ್ ಸುತ್ತಮುತ್ತಲೇ ಐದು ಮಂದಿ ಸಿಕ್ಕರು. ಒಬ್ಬರು ಬಸ್ ಅಪಘಾತದಲ್ಲಿ ಒಂದು ಕಾಲು ಕಳಕೊಂಡವರು, ಮೊದಲು ವಾಲಿಬಾಲ್ ಆಡುತ್ತಿದ್ದರು. ಒಬ್ಬಳು ಪಿಯುಸಿ ಹುಡುಗಿ, ಮನೆ ಅಂಗಳದಲ್ಲಿ ಅಣ್ಣನ ಜೊತೆ ಮಾತ್ರ ಆಡುತ್ತಾಳೆ. ಕೋರ್ಟಿಗೆ ಯಾಕೆ ಬರುವುದಿಲ್ಲ ಅಂದರೆ "ಎಲ್ಲರೂ ನೋಡುತ್ತಾರೆ" ಅಂದಳು. ಇನ್ನೊಬ್ಬರು ಆಡಲು ಬರುವಷ್ಟು ಆಸೆ ಇದ್ದವರು, ಆದರೆ ಅವರು ಹೋದ ಕೋರ್ಟ್ ಇರುವುದು ಕಟ್ಟಡದ ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಮೆಟ್ಟಿಲಿಗೆ ಕೈಹಿಡಿಯೂ ಇಲ್ಲ. ಐದು ಜನರನ್ನು ಹುಡುಕಲು ನನಗೆ ಹತ್ತು ಫೋನ್ ಸಾಕಾಯಿತು. ಎರಡೂ ಜಿಲ್ಲೆಯ ಸಂಘಗಳು ಸೇರಿ ಹುಡುಕಿದರೆ ಎಷ್ಟು ಜನ ಸಿಗಬಹುದು ನೀವೇ ಯೋಚಿಸಿ.

ಎಲ್ಲ ವಿಭಾಗಕ್ಕೂ ಸಾಕಷ್ಟು ಜನ ಮೊದಲ ವರ್ಷವೇ ಸಿಗಲಿಕ್ಕಿಲ್ಲ, ಒಪ್ಪುತ್ತೇನೆ. ಹಾಗಿದ್ದರೆ ಡಬಲ್ಸ್ ಇಡಿ, ಅಂಕಿ ಕೂಡಿಸಿ 8ರ ಒಳಗೆ ಅಂತ ಹಾಕಿ. ನಾಲ್ಕು ಜೋಡಿ ಬಂದರೂ ಪಂದ್ಯಾಟ ಆಯಿತು. ಯಾವ ವಿಭಾಗ ಅಂತ ನಿಖರವಾಗಿ ಹೇಳುವುದು ತರಬೇತಾದ ತಜ್ಞರ ಕೆಲಸ. ದೊಡ್ಡ ಕೂಟಗಳಿಗೆ ಹೋಗುವಾಗ ಅದು ಬೇಕೇ ಬೇಕು. ಆದರೆ ಊರಿನ ಪಂದ್ಯಾಟಕ್ಕೆ ಒಬ್ಬ ಫಿಸಿಯೊಥೆರಪಿಸ್ಟ್ ಬಂದು ನೋಡಿ ಅಂದಾಜು ಹೇಳಿದರೂ ನಡೆಯುತ್ತದೆ, ಮಂಗಳೂರು ಮಣಿಪಾಲದಲ್ಲಿ ಅವರಿಗೇನೂ ಬರ ಇಲ್ಲ. ಬಹುಮಾನ ಉಳಿದವರಿಗೆ ಎಷ್ಟೋ ಅಷ್ಟೇ ಇರಲಿ. ಪ್ರವೇಶ ಶುಲ್ಕವನ್ನೂ ತಗೊಳ್ಳಿ, ಬಿಟ್ಟಿ ಮಾಡಬೇಡಿ. ದುಡ್ಡು ಕಟ್ಟಿ ಆಡಿದವನಿಗೆ ಅಂಪೈರ್ ಹತ್ತಿರ ಜಗಳ ಮಾಡುವ ಹಕ್ಕೂ ಬರುತ್ತದೆ. ಫೈನಲ್ ಅನ್ನು ಮಧ್ಯಾಹ್ನ ಎರಡು ಗಂಟೆಗೆ ಯಾರೂ ಇಲ್ಲದಾಗ ಮುಗಿಸಬೇಡಿ, ರಾತ್ರಿ ಜನ ತುಂಬಿದಾಗ ಆಡಿಸಿ. ಮೈಕ್‌ನಲ್ಲಿ "ಪಾಪ" ಅನ್ನಬೇಡಿ. ಸ್ಕೋರ್ ಹೇಳಿ ಸಾಕು.

ಸಂಪಾದಕರೇ, ನಿಮ್ಮ ಹತ್ತಿರವೂ ಒಂದು ಕೋರಿಕೆ ಇದೆ. ಇಂಥ ಗೆಲುವುಗಳ ಸುದ್ದಿ ಬಂದಾಗ ಕನ್ನಡ ಪತ್ರಿಕೆಗಳಲ್ಲಿ ಹೆಚ್ಚಾಗಿ ಅಪಘಾತ ಹೇಗಾಯಿತು, ಅಮ್ಮ ಎಷ್ಟು ಅತ್ತರು ಅನ್ನುವುದೇ ಮುಕ್ಕಾಲು ಭಾಗ ಇರುತ್ತದೆ. ಯಾವ ವಿಭಾಗ, ಎದುರಾಳಿ ಯಾರು, ಎಷ್ಟು ಪಾಯಿಂಟ್, ಯಾವ ಹೊಡೆತದಿಂದ ಗೆದ್ದರು ಅನ್ನುವುದು ಇರುವುದೇ ಇಲ್ಲ. ಸಿಂಧು ಸೋತರೂ ನೀವು ಪೂರ್ತಿ ಸ್ಕೋರ್ ಹಾಕುತ್ತೀರಿ, ಎಲ್ಲಿ ತಪ್ಪಿತು ಅಂತ ಬರೆಯುತ್ತೀರಿ. ತುಳಸಿಮತಿ ಚೀನಾದ ಯಾಂಗ್ ಚಿಯುಶಿಯಾ ಎದುರು ಮೊದಲ ಗೇಮ್ 17-21ರಲ್ಲಿ ಬಿಟ್ಟದ್ದು ಎಲ್ಲಿ ಅಂತಲೂ ಬರೆಯಿರಿ. ಎರಡನೆಯದರಲ್ಲಿ 10-21ಕ್ಕೆ ಕುಸಿದದ್ದು ಯಾಕೆ ಅಂತ ಬರೆಯಿರಿ. ನಮ್ಮ ಪಕ್ಕದ ಮನೆಯ ಹುಡುಗ ಓದುವುದು ಅದನ್ನೇ. ಅವನಿಗೆ ಮನೀಷಾ ಅತ್ತರಾ ಅಂತ ಬೇಡ, ಮನೀಷಾ ಸರ್ವಿಸ್ ಹೇಗೆ ಮಾಡುತ್ತಾರೆ ಅಂತ ಬೇಕು. ಮೊನ್ನೆ ನನ್ನ ಮೊಬೈಲಿನಲ್ಲಿ ಅವರ ಪಂದ್ಯ ಹಾಕಿಕೊಂಡು ಸರ್ವಿಸ್ ಬಂದಾಗೆಲ್ಲ ನಿಲ್ಲಿಸಿ ನಿಲ್ಲಿಸಿ ನೋಡಿದ.

ನಮ್ಮ ಸಂಘದ ಪಂದ್ಯಾಟ ಜನವರಿಯಲ್ಲಿ. ಮೊನ್ನೆಯ ಸಭೆಯಲ್ಲಿ ಪ್ಯಾರಾ ಡಬಲ್ಸ್ ಇಡೋಣ ಅಂತ ಹೇಳಿದೆ. ಇಬ್ಬರು ಬೇಡ ಅಂದರು, ನಾಲ್ಕು ಜನ ಆಗಬಹುದು ಅಂದರು, ಉಳಿದವರು ನೋಡೋಣ ಅಂದರು. ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ. 80 ಪ್ಲಸ್‌ನ ಕೆಳಗೆ ಒಂದು ಸಾಲು ಖಾಲಿ ಬಿಡಿಸಿದ್ದೇನೆ. ಹುಡುಗನಿಗೆ ಜೋಡಿ ಬೇಕು. ಅವನು 5, ಹಾಗಾಗಿ ಎಸ್‌ಎಲ್-3ರವರೊಬ್ಬರು ಬೇಕು. ಆ ವಾಲಿಬಾಲ್ ಆಡುತ್ತಿದ್ದವರನ್ನು ಭಾನುವಾರ ಬೆಳಗ್ಗೆ ಕೋರ್ಟಿಗೆ ಬರಲು ಹೇಳಿದ್ದೇನೆ, ಬರುತ್ತೇನೆ ಅಂದಿದ್ದಾರೆ.

ಇಂತಿ,
ನಿಮ್ಮ ಓದುಗ,
ಸುರತ್ಕಲ್, ಮಂಗಳೂರು